ಫ್ಯಾನು ಆರಿಸಿ ಮಾತಾಡಿ

ನನ್ನ ಕಿವಿಗೆ ನೂರಕ್ಕೆ ನೂರು ಅಂಕ ಬಂದ ದಿನವೇ ಮನೆಯಲ್ಲಿ ನನ್ನ ಮಾನ ಹೋಯಿತು.

ಅದುವರೆಗೆ ನನಗೊಂದು ಮರ್ಯಾದೆಯ ಸ್ಥಾನವಿತ್ತು: ಅರೆಗಿವುಡಿ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ, ನಲ್ಲಿ ಸುರಿಯುತ್ತಿದ್ದರೆ, ಟಿವಿ ಕೂಗುತ್ತಿದ್ದರೆ ಮಾತು ನನಗೆ ಬರೀ ಸದ್ದಾಗಿ ತಲುಪುತ್ತಿತ್ತು. ಹಾಗಾಗಿ ಹನ್ನೊಂದು ವರ್ಷದ ಸಂಸಾರವನ್ನು ಎರಡೇ ಉಪಕರಣಗಳಿಂದ ತೂಗಿಸಿದ್ದೆ. ಒಂದು ತಲೆಯಾಟ, ಇನ್ನೊಂದು ಮುಗುಳ್ನಗೆ. (ನಾದಿನಿ ನಾಲ್ಕು ತಿಂಗಳು ನಮ್ಮಲ್ಲೇ ಇರಲು, ನಡುಮನೆಯ ಗೋಡೆಗೆ ನೇರಳೆ ಬಣ್ಣ ಬಳಿಸಲು ನಾನು ಹೀಗೆಯೇ ಒಪ್ಪಿದ್ದೆನೆಂದು ಆಮೇಲೆ ತಿಳಿಯಿತು.)

ಹೊಲಿಗೆ ಕಾರ್ಖಾನೆಯಲ್ಲಿ ನಲವತ್ತು ಯಂತ್ರಗಳ ನಡುವೆ ನಿಂತು ಕಾಲರು ಅಳೆಯುವ ಕೆಲಸ ನನ್ನದು. ಅಲ್ಲೂ ಇವೇ ಉಪಕರಣಗಳು. ಸೂಪರ್‌ವೈಸರು "ತಲೇಲಿ ಏನು ತುಂಬ್ಕೊಂಡಿದೀಯ?" ಎಂದು ಕೇಳಿದಾಗಲೂ ಮುಗುಳ್ನಕ್ಕಿದ್ದೆನಂತೆ. ವಾರಕ್ಕೆರಡು ಸಲ ಗೋದಾಮಿಗೆ ಹೋಗಿ, ಬಟ್ಟೆಯ ಥಾನುಗಳ ನಡುವೆ ಕೂತು ಅತ್ತು ಬರುತ್ತಿದ್ದೆ. ಅಲ್ಲಿ ಎಷ್ಟು ನಿಶ್ಶಬ್ದವೆಂದರೆ ನನ್ನ ಅಳು ಮಾತ್ರ ಅಕ್ಷರ ಅಕ್ಷರವಾಗಿ ಕೇಳುತ್ತಿತ್ತು.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ನನ್ನ ಗಂಡ ಕಣ್ಣೆದುರೇ ಕರಗುತ್ತಿದ್ದರು. ಅವರು ಲಿಫ್ಟ್ ರಿಪೇರಿ ಮಾಡುವವರು. ಒಂದು ವರ್ಷದಿಂದ ಊಟ ಅರ್ಧ, ನಿದ್ದೆ ಅರ್ಧ. ಸಂಜೆ ಬಂದವರು ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತು, ಗೋಡೆ ನೋಡುತ್ತ, ಬಹಳ ಹೊತ್ತು ಏನೋ ಹೇಳುತ್ತಿದ್ದರು. ತಲೆಯ ಮೇಲೆ ಎಕ್ಸಾಸ್ಟ್ ಫ್ಯಾನು ವಿಮಾನದಂತೆ ಮೊರೆಯುತ್ತಿತ್ತು. ನಾನು ತಲೆಯಾಡಿಸುತ್ತಿದ್ದೆ. ಈ ಮನುಷ್ಯನಿಗೆ ಏನಾಗಿದೆ ಎಂದು ನನಗೆ ತಿಳಿಯಲೇಬೇಕಿತ್ತು. ಕಿವಿಗೆ ಮಿಷನ್ ಹಾಕಿಸುವ ಮಹೋಪಾಯ ಹೊಳೆದದ್ದು ಹಾಗೆ.

ಆಸ್ಪತ್ರೆಯಲ್ಲಿ ಗಾಳಿಯೂ ನುಸುಳದ ಪುಟ್ಟ ಕೋಣೆಯಲ್ಲಿ ಕೂರಿಸಿದರು. ಅಂಥ ಮೌನದಲ್ಲಿ ಇರುವೆ ಕೆಮ್ಮಿದರೂ ಕೇಳುತ್ತಿತ್ತೇನೋ. ಮಿಷನ್ ಬದಲು ಅಂಕಪಟ್ಟಿ ಹಿಡಿದು ಮನೆಗೆ ಬಂದೆ. ಅತ್ತೆ ಕನ್ನಡಕ ಏರಿಸಿ ಓದಿದರು.

"ಕಿವಿ ನೆಟ್ಟಗಿದೆಯಂತೆ. ಅಂದ್ರೆ ಹನ್ನೊಂದು ವರ್ಷ ಬೇಕೂಂತಲೇ ನನ್ನ ಮಾತು ಕಿವಿಗೆ ಹಾಕ್ಕೊಂಡಿಲ್ಲ ನೀನು."

"ಹಾಗಲ್ಲ ಅತ್ತೆ, ಗಲಾಟೆ ಇದ್ದಾಗ ನನಗೆ..."

"ಗಲಾಟೆ ಮಾಡೋದು ಯಾರು? ನಾನಾ?"

"ನಾನು ಹಾಗಂದೆನಾ?"

"ನೋಡು, ಈಗ ಮಾತ್ರ ಎಲ್ಲ ಚೆನ್ನಾಗಿ ಕೇಳ್ತಿದೆ."

ಎರಡು ವಾರ ನಾನು ಕಳ್ಳಿಯಂತೆ ಓಡಾಡಿದೆ. ಆಮೇಲೆ ಇನ್ನೊಬ್ಬ ವೈದ್ಯೆ, ಹಿಂದೆ ಸಂತೆಯ ಸದ್ದು ಹಾಕಿ, ಅದರ ನಡುವೆ ಮಾತು ಕೇಳಿಸಿ ಪರೀಕ್ಷಿಸಿದರು. ಹತ್ತಕ್ಕೆ ಮೂರು. "ಕಿವಿಗೆ ಟಪಾಲು ಸರಿಯಾಗಿ ಬರುತ್ತಮ್ಮ. ಒಳಗೆ ವಿಂಗಡಿಸೋ ಗುಮಾಸ್ತ ಗದ್ದಲದಲ್ಲಿ ತಡವರಿಸ್ತಾನೆ. ಇದು ನಿಮ್ಮ ಸೋಮಾರಿತನ ಅಲ್ಲ, ದಡ್ಡತನಾನೂ ಅಲ್ಲ," ಎಂದರು. ಅಲ್ಲೂ ನಾನು ಅತ್ತುಬಿಟ್ಟೆ, ಈ ಸಲ ಎದುರಿಗೆ ಜನ ಇದ್ದರು. ಅದರ ಹೆಸರು ಶ್ರವಣ ಸಂಸ್ಕರಣಾ ದೋಷ. ಮಾತಾಡುವವರು ಸದ್ದು ಆರಿಸಬೇಕು, ಎದುರು ಕೂರಬೇಕು, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು.

ಇಷ್ಟು ಉದ್ದದ ಹೆಸರಿನ ಕಾಯಿಲೆ ವಂಶದಲ್ಲಿ ಯಾರಿಗೂ ಬಂದಿರಲಿಲ್ಲ. ಅತ್ತೆಗೆ ಗೌರವ ಹುಟ್ಟಿತು. ಟಿವಿ ಆರಿಸಿ, ನಲ್ಲಿ ಬಿಗಿದು, ನನ್ನೆದುರು ಸ್ಟೂಲು ಎಳೆದುಕೊಂಡು ಕೂತು ಶಾಸನ ಓದುವಂತೆ ಹೇಳುವರು: "ನನ್ನ ಮಂಡಿ ಮಾತ್ರೆ. ಮುಗಿದು. ಮೂರು ದಿನ. ಆಯ್ತು." ಮನೆಯೆಲ್ಲ ಸ್ಪಷ್ಟವಾಯಿತು, ಗಂಡನೊಬ್ಬರನ್ನು ಬಿಟ್ಟು. ಅವರು ಅಡುಗೆಮನೆಗೆ ಬರುವರು, ನಿಂತ ಫ್ಯಾನನ್ನು ನೋಡುವರು, ನೀರು ಕುಡಿದು ಹೋಗುವರು.

ಒಂದು ಭಾನುವಾರ ಮಧ್ಯಾಹ್ನ, ಅತ್ತೆ ಪಕ್ಕದ ಮನೆಗೆ ಹೋದಾಗ, ನೀರು ಕುಡಿಯಲು ಅಡುಗೆಮನೆಗೆ ಬಂದ ಗಂಡನ ಮುಂದೆ ಸ್ಟೂಲಿಟ್ಟು ನಾನೇ ಕೂತೆ.

"ಹೇಳಿ."

"ಏನು?"

"ದಿನಾ ಇಲ್ಲಿ ನಿಂತು ಹೇಳ್ತಿದ್ರಲ್ಲ, ಅದು. ನನಗೆ ಒಂದಕ್ಷರಾನೂ ಕೇಳಿಸಿಲ್ಲ ರೀ. ಸುಮ್ನೆ ತಲೆ ಆಡಿಸ್ತಿದ್ದೆ."

"ಗೊತ್ತು."

"ಏನು ಗೊತ್ತು?"

"ನಿನಗೆ ಕೇಳಿಸಲ್ಲ ಅಂತ. ಅದಕ್ಕೇ ನಿನ್ನ ಹತ್ರ ಹೇಳ್ತಿದ್ದೆ."

ಹನ್ನೊಂದು ವರ್ಷ ಕೇಳಿಸಿದಂತೆ ತಲೆಯಾಡಿಸಿ ಮನೆಯವರನ್ನೆಲ್ಲ ಯಾಮಾರಿಸಿದೆನೆಂದು ಹೆಮ್ಮೆಪಟ್ಟವಳು ನಾನು.

ಅವರು ತಿರುಗಿ ಫ್ಯಾನಿನ ಸ್ವಿಚ್ಚು ಒತ್ತಿದರು. ಗೋಡೆಗೆ ಮುಖ ಮಾಡಿ ಶುರುಮಾಡಿದರು. ತುಟಿಗಳು ಸರಾಗವಾಗಿ ಆಡುತ್ತಿದ್ದವು. ಎಷ್ಟೋ ದಿನದ ಮೇಲೆ ಭುಜ ಸಡಿಲವಾಗಿತ್ತು. ನಾನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಕೈ ಚಾಚಿ ಸ್ವಿಚ್ಚು ಆರಿಸಿದೆ. ಓಟ ಹಿಡಿದ ಮಾತನ್ನು ಅವರಿಂದ ನಿಲ್ಲಿಸಲಾಗಲಿಲ್ಲ.

"...ಸೇತುವೆ ಕಟ್ಟೆ ಹತ್ತಿ ನಿಂತಿದ್ದೆ."

ಇಬ್ಬರಿಗೂ ಕೇಳಿಸಿತು.

"ಯಾವಾಗ?"

"ಹೋದ ಚಳಿಗಾಲ. ಹೋಗೋ ಮುಂಚೆ ಇಲ್ಲೇ ನಿಂತು ಹೇಳಿದ್ದೆ, ಇನ್ನು ವಾಪಸ್ ಬರಲ್ಲ ಅಂತ. ನೀನು ನಕ್ಕೆ. ಬರುವಾಗ ಒಂದು ಬಲ್ಬು ತನ್ನಿ ಅಂದೆ."

"ಆಮೇಲೆ?"

"ಅಂಗಡಿ ಮುಚ್ಚೋ ಹೊತ್ತಾಗಿತ್ತು. ಇಳಿದೆ."

ನಾನು ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆ ಬಲ್ಬು ನನಗೆ ಚೆನ್ನಾಗಿ ನೆನಪಿತ್ತು. ತಿರುಪಿನದು ಬೇಕಿತ್ತು, ಅವರು ಪಿನ್ನಿನದು ತಂದಿದ್ದರು. ಇಡೀ ಲಿಫ್ಟನ್ನೇ ಬಿಚ್ಚಿ ಜೋಡಿಸುವವರಿಗೆ ಒಂದು ಬಲ್ಬು ಸರಿಯಾಗಿ ತರಲು ಬಾರದೇ ಎಂದು ಬೈದು, ಬದಲಾಯಿಸಿಕೊಂಡು ಬನ್ನಿ ಎಂದು, ಮರುದಿನ ಬೆಳಿಗ್ಗೆಯೇ ಅವರನ್ನು ಅದೇ ಸೇತುವೆಯ ಮೇಲೆ ಕಳಿಸಿದ್ದೆ.