ನಮ್ಮ ಬಿಳಿ ಬಾಕ್ಸರಿನ ಶೌರ್ಯ

ತನ್ನ ದನಿಯ ಮೇಲೆ ಮೋಹವಿರುವ ಮನುಷ್ಯ ನಾಯಿ ಸಾಕಬಾರದು. ಸಾಕಿದರೂ ಬಿಳಿ ಬಾಕ್ಸರ್ ಸಾಕಬಾರದು. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನಗೆ ಮೈಕು ಬೇಕಿಲ್ಲ. ನನ್ನ ಪಾಠಕ್ಕೆ ಪಕ್ಕದ ಕೋಣೆಯ ಹುಡುಗರೂ ನೋಟ್ಸ್ ಬರೆದುಕೊಳ್ಳುತ್ತಾರೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಅದು ಹೊಗಳಿಕೆಯೆಂದೇ ನಾನು ನಂಬಿದ್ದೇನೆ. ಇಂಥ ದನಿಗೆ ತಕ್ಕ ನಾಯಿ, ‘ಬಾ’ ಎಂದರೆ ಬರುವ, ‘ಕೂರು’ ಎಂದರೆ ಕೂರುವ ಗಂಭೀರ ನಾಯಿಯೊಂದು ಗೋಪಾಳ ಬಡಾವಣೆಯ ನಮ್ಮ ಮನೆಯಲ್ಲಿ ಇರಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು.

ಭದ್ರಾವತಿಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಸೆಲ್ವಂ ಎಂಬವರ ಮನೆಯಲ್ಲಿ ಬಾಕ್ಸರ್ ಮರಿಗಳಿವೆಯೆಂದು ತಿಳಿದು, ಒಂದು ಭಾನುವಾರ ಹೆಂಡತಿ ಸುಮಾಳೊಂದಿಗೆ ಹೊರಟೆ. ಹುಲಿಯಂತೆ ಪಟ್ಟೆಗಳಿದ್ದ ಕಂದು ಮರಿಯೊಂದನ್ನು ಗೇಟಿನಲ್ಲೇ ನಿಂತು ಆರಿಸಿಬಿಟ್ಟೆ. ಮೂಲೆಯಲ್ಲಿ ಅಪ್ಪಟ ಬಿಳಿಯ ಮರಿಯೊಂದು, ಒಡಹುಟ್ಟಿದವರ ಗಲಾಟೆಯ ನಡುವೆಯೂ ಹಾಯಾಗಿ ನಿದ್ದೆ ಮಾಡುತ್ತಿತ್ತು. ಸುಮಾ ಅದರ ಮೈ ಸವರಿದಳು. ಅದು ಎದ್ದು, ಅವಳ ಸೆರಗು ಕಚ್ಚಿ ಎಳೆದು, ಮಡಿಲು ಹತ್ತಿ ಮತ್ತೆ ಮಲಗಿತು.

“ಬಿಳೀದು ಬೇಡ ಮೇಡಂ. ಡಾಗ್ ಶೋಗೆ ಆಗಲ್ಲ, ಬಿಸಿಲಿಗೆ ಮೂಗು ಸುಟ್ಕೊಳ್ಳುತ್ತೆ. ಯಾರೂ ಕೇಳ್ತಿಲ್ಲ, ನಾನೇ ಇಟ್ಕೊಳ್ಳೋಣ ಅಂತಿದೀನಿ” ಎಂದರು ಸೆಲ್ವಂ.

“ಪಾಪ, ಯಾರೂ ಕೇಳ್ತಿಲ್ವಾ?” ಎಂದಳು ಸುಮಾ. ಅಲ್ಲಿಗೆ ನನ್ನ ಹುಲಿ ಕೈತಪ್ಪಿತು.

ಹೆಸರಿನ ಚರ್ಚೆ ದಿನಗಟ್ಟಲೆ ನಡೆಯಿತು. ಸುಮಾ ‘ಬೆಣ್ಣೆ’ ಎಂದಳು, ಅಮ್ಮ ‘ಮುತ್ತು’ ಎಂದರು. ನಾನು ಹಟ ಹಿಡಿದು ‘ಭೀಮ’ ಎಂದು ಇಟ್ಟೆ. ಬಾಯ್ತುಂಬ ಕೂಗಲು ಅದಕ್ಕಿಂತ ಒಳ್ಳೆಯ ಹೆಸರಿಲ್ಲ. ಕೂಗಿದೆ. ಅವನು ತಿರುಗಿಯೂ ನೋಡಲಿಲ್ಲ. ರಾಜಗಾಂಭೀರ್ಯ ಎಂದುಕೊಂಡೆ. ದೀಪಾವಳಿ ಬಂತು. ಎದುರುಮನೆಯ ಷಡಕ್ಷರಪ್ಪನವರ ದೊಡ್ಡ ನಾಯಿ ಪಟಾಕಿಗೆ ಹೆದರಿ ಮಂಚದಡಿ ಸೇರಿಕೊಂಡರೆ, ನಮ್ಮ ಭೀಮ ಪಟಾಕಿ ಸರ ಸಿಡಿಯುತ್ತಿದ್ದ ಕಡೆಗೇ ಬೆನ್ನು ಹಾಕಿ ಗೊರಕೆ ಹೊಡೆಯುತ್ತಿದ್ದ. ನಾಯಿಗಳಲ್ಲಿ ಧೈರ್ಯ ತುಂಬುವುದು ಹೇಗೆಂದು ಷಡಕ್ಷರಪ್ಪನವರಿಗೆ ಗೇಟಿನ ಬಳಿಯೇ ಒಂದು ಉಪನ್ಯಾಸ ಕೊಟ್ಟೆ.

ಅದೇ ವಾರ ಲಸಿಕೆಗೆಂದು ಹೋದಾಗ ಪಶುವೈದ್ಯರು ಭೀಮನನ್ನು ಕೊಂಚ ಹೊತ್ತು ಗಮನಿಸಿ, ಅವನ ಹಿಂದೆ ಹೋಗಿ ಸ್ಟೀಲ್ ಟ್ರೇಯನ್ನು ನೆಲಕ್ಕೆ ಬಿಟ್ಟರು. ನಾನೂ ಸುಮಾಳೂ ಬೆಚ್ಚಿಬಿದ್ದೆವು. ಭೀಮ ಮೇಜಿನ ಕಾಲು ಮೂಸುತ್ತಲೇ ಇದ್ದ.

“ಇವನಿಗೆ ಕಿವಿ ಕೇಳ್ಸಲ್ಲ ಸಾರ್. ಬಿಳಿ ಬಾಕ್ಸರ್‌ಗಳಲ್ಲಿ ಕೆಲವಕ್ಕೆ ಹೀಗೇ. ಕೈಸನ್ನೆ ಕಲಿಸಿ, ಆರಾಮಾಗಿರ್ತಾನೆ. ರಸ್ತೆಗೆ ಮಾತ್ರ ಬಿಡ್ಬೇಡಿ, ಹಾರ್ನ್ ಗೊತ್ತಾಗಲ್ಲ.”

ಮನೆಗೆ ಬರುವಾಗ ಕಾರಿನಲ್ಲಿ ನಾನು ಮೆಲ್ಲಗೆ, “ಸೆಲ್ವಂ ತಾವೇ ಇಟ್ಕೊಳ್ತೀನಿ ಅಂದಿದ್ರಲ್ಲ...” ಎಂದು ರಾಗ ಎಳೆದೆ.

“ನೀವು ಕೂಗಿದ್ದು ಕೇಳಲ್ಲ ಅಂತ ವಾಪಸ್ ಕಳ್ಸೋದಾದ್ರೆ ನನ್ನನ್ನೂ ಕಳ್ಸಿ ಮಾರಾಯ್ರೆ. ನಾನು ಕೇಳಿಸ್ಕೊಳ್ಳೋದು ಬಿಟ್ಟು ಎಷ್ಟೋ ವರ್ಷ ಆಯ್ತು” ಎಂದಳು. ಅವಳ ಮಡಿಲಲ್ಲಿದ್ದ ಭೀಮ ನನ್ನ ಮೊಣಕೈ ನೆಕ್ಕಿದ. ನಾನು ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಆಮೇಲೆ ನಮ್ಮ ಮನೆಯೇ ಮೂಕನಾಟಕವಾಯಿತು. ಅಂಗೈ ಕೆಳಗಿಳಿಸಿದರೆ ಕೂರು, ಎದೆ ತಟ್ಟಿಕೊಂಡರೆ ಬಾ. ಅಮ್ಮ ಬೆಳಗಾದರೆ ಅವನ ಗುಲಾಬಿ ಮೂಗಿಗೆ ಕೊಬ್ಬರಿ ಎಣ್ಣೆ ಸವರತೊಡಗಿದರು. ಬಿಸಿಲೇರಿದ ಮೇಲೆ ವಾಕಿಂಗ್ ಹೊರಟರೆ ಕೊಡೆ ಅವನ ಮೇಲೆ, ಬಿಸಿಲು ನನ್ನ ಬೋಳುತಲೆಯ ಮೇಲೆ. ಒಮ್ಮೆ ತರಗತಿಯಲ್ಲಿ ಗದ್ದಲವಾದಾಗ ಅಭ್ಯಾಸಬಲದಿಂದ ಅಂಗೈ ಕೆಳಗಿಳಿಸಿದೆ. ಎಲ್ಲರೂ ತೆಪ್ಪಗೆ ಕೂತರು. ಸದ್ಯ, ಬಿಸ್ಕತ್ತು ಕೊಡಲು ಜೇಬಿಗೆ ಕೈ ಹಾಕಲಿಲ್ಲ.

ಹೀಗಿರುವಾಗ ಒಂದು ಸಂಜೆ ಸ್ಕೂಟರ್ ಒಳಗಿಡುವ ಗಡಿಬಿಡಿಯಲ್ಲಿ ಗೇಟು ಹಾಕುವುದನ್ನು ಮರೆತೆ. ಗಾಳಿಗೆ ಹಾರಿದ ಪ್ಲಾಸ್ಟಿಕ್ ಕವರಿನ ಹಿಂದೆ ಭೀಮ ಬಾಣದಂತೆ ಹೊರಬಿದ್ದ. ಬೀದಿಯ ತುದಿಯಲ್ಲಿ ಬಸ್ಸು ಓಡಾಡುವ ರಸ್ತೆ. “ಭೀಮಾ!” ಎಂದು ಕೂಗಿದೆ, ಮನೆಮನೆಯಿಂದ ತಲೆಗಳು ಹೊರಬಂದವು, ಅವನೊಬ್ಬನಿಗೆ ಕೇಳಲಿಲ್ಲ. ಬೆನ್ನಟ್ಟಿದೆ. ಅವನು ಒಮ್ಮೆ ಹಿಂತಿರುಗಿ ನೋಡಿ, ನಾನು ಓಡಿಬರುವುದು ಕಂಡು, ಆಟವೆಂದು ಬಗೆದು, ನಾನು ಎದೆ ತಟ್ಟಿಕೊಂಡು ಕರೆದರೂ ಲೆಕ್ಕಿಸದೆ ಇನ್ನೂ ಜೋರಾಗಿ ಓಡಿದ. ಆಗ ತಟ್ಟನೆ ಹೊಳೆಯಿತು: ಬೆನ್ನುನೋವಿನ ವ್ಯಾಯಾಮಕ್ಕೆಂದು ನಾನು ಮನೆಯಲ್ಲಿ ನೆಲಕ್ಕೊರಗಿದರೆ ಸಾಕು, ಊಟದ ತಟ್ಟೆಯನ್ನೂ ಬಿಟ್ಟು ಬಂದು ನನ್ನ ಎದೆಯ ಮೇಲೆ ಕೂರುತ್ತಾನೆ. ಅವನು ಮತ್ತೆ ತಿರುಗಿದ ಕ್ಷಣದಲ್ಲೇ ನಡುಬೀದಿಯಲ್ಲಿ ಅಂಗಾತ ಬಿದ್ದುಬಿಟ್ಟೆ. ಆಕಾಶ ನೋಡುತ್ತ ಕಾದೆ. ದಡದಡ ಹೆಜ್ಜೆ ಕೇಳಿತು, ಎದೆಯ ಮೇಲೆ ಭಾರ ಬಿತ್ತು, ಮುಖವೆಲ್ಲ ಜೊಲ್ಲಾಯಿತು. ಎರಡೂ ಕೈಯಿಂದ ಅವನನ್ನು ಅವುಚಿಕೊಂಡೆ.

ಷಡಕ್ಷರಪ್ಪನವರು ಚೊಂಬು ಹಿಡಿದು ಓಡಿಬಂದರು. ಜನ ಸೇರಿದರು. “ನಾಯಿ ಅಂದ್ರೆ ಇದು ನೋಡ್ರಿ! ಯಜಮಾನ್ರು ತಲೆಸುತ್ತಿ ಬಿದ್ದಿದ್ದು ಕಂಡು ಹೆಂಗೆ ಓಡಿ ಬಂತು!” ಎಂದು ಅವರು ಕಣ್ಣೊರೆಸಿಕೊಂಡರು.

“ಹಾಗಲ್ಲ ಸಾರ್, ನಾನೇ...” ಎಂದೆ.

“ನೀವು ಮಾತಾಡ್ಬೇಡಿ, ಸುಸ್ತಾಗುತ್ತೆ” ಎಂದು ಮುಖಕ್ಕೆ ನೀರೆರಚಿದರು.

ಈಗ ಬೀದಿಯವರೆಲ್ಲ ಭೀಮನಿಗೆ ಬಿಸ್ಕತ್ತು ತಂದುಕೊಡುತ್ತಾರೆ, ನನಗೆ ಬಿಪಿ ನೋಡಿಸಿಕೊಳ್ಳಲು ಹೇಳುತ್ತಾರೆ. ಇವರೆಲ್ಲರಲ್ಲಿ ನಿಜ ಸಂಗತಿ ಗೊತ್ತಿರುವವಳು ಸುಮಾ ಒಬ್ಬಳೇ. ಯಾವುದಕ್ಕೂ ಇರಲಿ ಎಂದು ಅವಳೂ ನನ್ನ ಸಾರಿಗೆ ಉಪ್ಪು ಕಡಿಮೆ ಮಾಡಿದ್ದಾಳೆ.