ಮೀನಿನ ಡಾಕ್ಟರು

ನನ್ನ ಸೋದರಮಾವನ ಜೊತೆ ಮಾರ್ಕೆಟ್ಟಿಗೆ ಹೋಗಿ ಮೀನಿನ ಸಮೇತ ಮನೆಗೆ ಬಂದವರು ಯಾರಾದರೂ ಇದ್ದರೆ ಹೇಳಿ, ಶಾಲು ಹೊದಿಸುತ್ತೇನೆ! ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಕಾಯಿಸುತ್ತಿದ್ದ ಈ ಮನುಷ್ಯ ಬಂಗುಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಥೇಟ್ ಡಾಕ್ಟರು. ಕಿವಿರು ಎತ್ತಿ ಕೆಂಪಗಿದೆಯೇ ನೋಡುವುದು, ಬೆರಳಲ್ಲಿ ಒತ್ತಿ ಗುಳಿ ಬೀಳುತ್ತದೆಯೇ ಪರೀಕ್ಷಿಸುವುದು, ಕೊನೆಗೆ ಮೂಸುವುದು.

"ಕಣ್ಣು ಒಳಗೆ ಹೋಗಿದೆಯಲ್ಲ ಮಾರಾಯ್ತಿ, ಯಾವತ್ತಿಂದು ಇದು?"

"ನಿಮ್ ಕಣ್ಣೂ ಒಳಗೇ ಹೋಗಿದೆ ಅಣ್ಣಾ. ಮನೇಲಿ ಇಟ್ಕೊಂಡಿಲ್ವಾ ನಿಮ್ಮನ್ನ?" ಎಂದಳು ಮಾರುವವಳು.

ನಾವು ಬರಿಗೈಲಿ ಮನೆಗೆ ಬಂದೆವು.

ಶಿವಮೊಗ್ಗದಲ್ಲಿ, ವಿನೋಬನಗರದ ನಮ್ಮ ಮನೆಗೆ ತಂಗಿಯ ಬೀಗರು ಊಟಕ್ಕೆ ಬರುವ ದಿನ ಮಾವನೂ ಬಂದರು. ಬಂದವರೇ ಫ್ರಿಜ್ ತೆಗೆದರು.

"ಅಕ್ಕಾ, ಕರೆಂಟ್ ಯಾವಾಗ ಹೋಯ್ತು?"

"ನಿನ್ನೆ ಸಂಜೆ. ನಾನು ಬಾಗಿಲು ತೆಗೆದೇ ಇಲ್ವಲ್ಲೋ!" ಎಂದರು ಅಮ್ಮ.

"ಐಸೆಲ್ಲ ನೀರಾಗಿದೆ. ಈ ಮೀನು ತಿನ್ನೋ ಹಾಗಿಲ್ಲ."

"ಹುಣಸೆಹುಳಿ ಜಾಸ್ತಿ ಹಾಕ್ತೀನಿ, ವಾಸನೆ ಹೋಗುತ್ತೆ."

"ವಾಸನೆ ಹೋಗುತ್ತೆ, ವಿಷ ಹೋಗಲ್ಲ!"

ಮೀನು ಕಸಕ್ಕೆ ಹೋಯಿತು. ಬೀಗರು ತಿಳಿಸಾರು ಉಂಡು ಮುಖ ಗಂಟಿಕ್ಕಿಕೊಂಡು ಕೈ ತೊಳೆದರು. ಅಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ?

ಆಮೇಲೆ ಮಾವನ ಕೆಲಸ ಹೋಯಿತು. ಅದರ ಹಿಂದೆಯೇ ಅತ್ತೆಗೆ ಮರೆವು ಶುರುವಾಯಿತು. ಒಮ್ಮೆ ನಾನು ಭದ್ರಾವತಿಗೆ ಹೋದಾಗ ಅತ್ತೆ ಖುಷಿಯಾಗಿ ಮೀನು ಸಾರು ಮಾಡಿದ್ದರು. ಹಿಂದಿನ ದಿನದ ಮೀನು! ಫ್ರಿಜ್ಜೆಂದುಕೊಂಡು ಅದನ್ನು ಪಾತ್ರೆಗಳ ಕಪಾಟಿನಲ್ಲಿಟ್ಟು ಮರೆತಿದ್ದರಂತೆ. ಮುಚ್ಚಳ ತೆಗೆದರೆ ಗಬ್ಬು ವಾಸನೆ. ಇನ್ನೇನು, ಮನೆ ಹಾರಿಹೋಗುವಂತೆ ಮಾವ ಕೂಗಾಡುತ್ತಾರೆ ಎಂದು ನಾನು ಬಾಗಿಲ ಕಡೆ ಸರಿದೆ.

"ಹೆಂಗಾಗಿದೆ ಹೇಳ್ರೀ," ಎಂದರು ಅತ್ತೆ.

ಮಾವ ಪಾತ್ರೆಯನ್ನೊಮ್ಮೆ, ಅತ್ತೆಯ ಮುಖವನ್ನೊಮ್ಮೆ ನೋಡಿದರು. "ಬಣ್ಣ ನೋಡಿದ್ರೇ ಗೊತ್ತಾಗುತ್ತೆ ಕಣೇ, ಭಾಳ ಚೆನ್ನಾಗಿದೆ. ಸಂಜೆಗಿರಲಿ. ಈಗ ಮೂವರೂ ಮೊಸರನ್ನ ಉಣ್ಣಣ."

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಮಾವ ಹಿತ್ತಲಲ್ಲಿ ನಾಯಿಗೂ ಸಿಗದಷ್ಟು ಆಳಕ್ಕೆ ಅಗೆದು ಸಾರನ್ನೆಲ್ಲ ಸುರಿದು ಮುಚ್ಚಿದರು. ಆಮೇಲೆ ನಲ್ಲಿಯ ಕೆಳಗೆ ಕೂತು ಪಾತ್ರೆ ಉಜ್ಜತೊಡಗಿದರು.

"ಸಂಜೆ ಅತ್ತೆ ಕೇಳಿದ್ರೆ ಏನಂತೀರಾ ಮಾವ?"

"ಮೀನು ಮಾಡಿದ್ದೇ ನೆನಪಿರಲ್ಲ ಅವಳಿಗೆ." ಅವರ ಕೈ ನಿಂತಿತು. "ಕೇಳ್ಬೇಕು ಕಣೋ. ಎಲ್ಲಿ ನನ್ ಸಾರು ಅಂತ ಜಗಳ ಆಡ್ಬೇಕು."