ಎಲ್ಡನ್ ಮೇಲಕ್ಕೆ ಹೋದ ದಿನ

ಎಲ್ಡನ್ ಹ್ರಾಡೆಕ್‌ನ ಚೀಲವನ್ನು ಮನೆಯೊಡತಿಯ ನಾಯಿ ಕಚ್ಚಿ ಚಿಂದಿ ಮಾಡಿದ್ದರಿಂದ ಇಷ್ಟೆಲ್ಲ ಆಯಿತು.

ಎಲ್ಡನ್ ಬೇಸ್‌ಬಾಲಿನ ಕ್ಯಾಚರ್, ಅಂದರೆ ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವವನು. ಕಾಲೇಜಿನಲ್ಲಿದ್ದಾಗ ಪತ್ರಿಕೆಗಳು ಅವನನ್ನು ನಾಳೆಯ ನಕ್ಷತ್ರ ಎಂದು ಹೊಗಳಿದ್ದವು. ದೊಡ್ಡ ಲೀಗಿನ ತಂಡವೊಂದು ಅವನನ್ನು ಆರಿಸಿಕೊಂಡು, ಮೊದಲು ಪಳಗಲಿ ಎಂದು ಅಮೆರಿಕದ ಅಯೋವಾದ ಈ ಸಣ್ಣ ಊರಿನ ಕಿರಿಯ ತಂಡಕ್ಕೆ ಕಳಿಸಿತು. ಆಮೇಲೆ, ಉಪ್ಪಿನಕಾಯಿ ಹಾಕಿಟ್ಟು ಭರಣಿಯನ್ನೇ ಮರೆತವರ ಹಾಗೆ, ಮುಚ್ಚಳ ತೆಗೆದು ನೋಡಲಿಲ್ಲ.

ಆ ಬೆಳಿಗ್ಗೆ ಅವನು ಚರ್ಚಿನ ಹಳೇ ಸಾಮಾನಿನ ಮಾರಾಟದಲ್ಲಿ ಒಂದು ಸೂಟ್‌ಕೇಸ್ ಕೊಂಡು ತಂದ. ಬಾಗಿಲಲ್ಲೇ ಮನೆಯೊಡತಿ ಮಿಸೆಸ್ ಲುಂಡ್ ಸಿಕ್ಕಳು.

"ಸೂಟ್‌ಕೇಸ್ ಹಿಡ್ಕೊಂಡು ಎಲ್ಲಿಗಪ್ಪಾ?"

"ಮೇಲಕ್ಕೆ" ಎಂದ ಎಲ್ಡನ್.

ಅವನ ಕೋಣೆ ಇದ್ದದ್ದು ಮಹಡಿಯ ಮೇಲೆ. ಆದರೆ ಆ ಊರಿನಲ್ಲಿ ಆಟಗಾರ ಮೇಲಕ್ಕೆ ಹೋಗುತ್ತಾನೆಂದರೆ ದೊಡ್ಡ ಲೀಗಿಗೆ ಎಂದೇ ಅರ್ಥ. ಮನೆ ಕಟ್ಟಿಸಿದವಳು ತಾನೇ ಆದರೂ ಮಿಸೆಸ್ ಲುಂಡ್‌ಗೆ ಮಹಡಿ ನೆನಪಿಗೆ ಬರಲಿಲ್ಲ. ಅವನು ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಅವಳು ಫೋನು ಎತ್ತಿದ್ದಳು.

ಎಲ್ಡನ್ ತಿಂಡಿಗೆಂದು ಬೀದಿಗಿಳಿದ. ಕ್ಷೌರಿಕ ಹ್ಯಾಸ್ಕೆಲ್ ಅವನ ರಟ್ಟೆ ಹಿಡಿದು ಅಂಗಡಿಯೊಳಗೆ ಎಳೆದ.

"ಈ ಕುರಿ ತುಪ್ಪಟ ಹೊತ್ಕೊಂಡು ದೊಡ್ಡ ಲೀಗಿಗೆ ಹೋಗ್ತೀಯೇನೋ? ಊರಿನ ಮರ್ಯಾದೆ ಏನಾಗ್ಬೇಕು?"

"ನನ್ನನ್ನ ಯಾರೂ ಕರೆದಿಲ್ಲ, ಹ್ಯಾಸ್ಕೆಲ್."

"ಗುಟ್ಟಾಗಿಡು ಅಂತ ಹೇಳಿರ್ತಾರೆ. ನಂಗೆ ಗೊತ್ತಾಗಲ್ವಾ? ಕತ್ತು ಬಗ್ಸು."

ಎಲ್ಡನ್ ಇಲ್ಲ ಅಂದಷ್ಟೂ ಜನ ಹೌದೆಂದೇ ನಂಬಿದರು. ಕೊನೆಗೆ ಹೋಟೆಲಿಗೆ ಹೋಗಿ ಕೂತ. ಅಲ್ಲಿ ಕಾಫಿ ಕೊಡುವ ಮಾರ್ಲಿಸ್ ಅಲ್ಲಿಯವರೆಗೆ ಅವನ ಮುಖವನ್ನೇ ಸರಿಯಾಗಿ ನೋಡಿದವಳಲ್ಲ. ಅವತ್ತು ಕೇಳದೆಯೇ ಚೆರ್ರಿ ಹಣ್ಣಿನ ಸಿಹಿ ಪೈ ತಂದಿಟ್ಟು, ಬಗ್ಗಿ ಕೆನ್ನೆಗೆ ಮುತ್ತು ಕೊಟ್ಟಳು.

"ಅಲ್ಲಿಗೆ ಹೋದ್ಮೇಲೆ ನಮ್ಮನ್ನ ಮರೀಬೇಡ, ಆಯ್ತಾ?"

ನಿಜ ಹೇಳಲೆಂದು ಎಲ್ಡನ್ ಬಾಯಿ ತೆರೆದ. ತೆರೆದ ಬಾಯಿಗೆ ಪೈ ಹಾಕಿಕೊಂಡ. ಇಡೀ ದಿನದಲ್ಲಿ ಅವನು ಮಾಡಿದ ತಪ್ಪು ಅದೊಂದೇ.

ಹೊರಗೆ ಬಂದರೆ ಅಗ್ನಿಶಾಮಕ ದಳದ ಬ್ಯಾಂಡು ಸಜ್ಜಾಗಿ ನಿಂತಿತ್ತು. ಮಿಸೆಸ್ ಲುಂಡ್ ಅವನ ಬಟ್ಟೆಗಳನ್ನೆಲ್ಲ ಮಡಿಸಿ ಸೂಟ್‌ಕೇಸಿಗೆ ತುಂಬಿ ತಂದಿದ್ದಳು. ಕೂಗಾಡುತ್ತಿದ್ದ ಎಲ್ಡನ್‌ನನ್ನು ಜನ ಹೆಗಲ ಮೇಲೆ ಹೊತ್ತು, ದೊಡ್ಡ ತಂಡವಿರುವ ನಗರಕ್ಕೆ ಹೋಗುವ ಬಸ್ಸಿಗೆ ಹತ್ತಿಸಿದರು.

"ನಿಲ್ಸಿ! ನಾನು ಇಳೀಬೇಕು!" ಎಂದ ಎಲ್ಡನ್.

ಡ್ರೈವರ್ ತಿರುಗಿಯೂ ನೋಡಲಿಲ್ಲ. "ಹೆದರಿಕೆ ಆಗೋದು ಸಹಜ ಕಣೋ. ಹೋದ ವರ್ಷ ಮೇಲಕ್ಕೆ ಹೋದ, ಚೆಂಡು ಎಸೆಯೋ ಪಿಚರ್ರೂ ಹಿಂಗೇ ಅತ್ತಿದ್ದ."

ಮುಂದಿನ ಪಟ್ಟಣದಲ್ಲಿ ಇಳಿದ ಎಲ್ಡನ್, ಹಂದಿ ಸಾಗಿಸುವ ಲಾರಿಯೊಂದನ್ನು ಹತ್ತಿ ಹಿಂದಿರುಗಿದ. ಮುಂದೆ ಡ್ರೈವರನ ಹೆಂಡತಿ ಕೂತಿದ್ದರಿಂದ ಅವನಿಗೆ ಹಂದಿಗಳ ಜೊತೆ ಜಾಗ ಸಿಕ್ಕಿತು.

ಸಂಜೆ ಮೈದಾನದಲ್ಲಿ ಕೋಚ್ ಗ್ಯಾರಿಟಿ ಮೂಗು ಮುಚ್ಚಿಕೊಂಡೇ ಅವನನ್ನು ಎದುರುಗೊಂಡ.

"ಎಲ್ಲಿ ಹಾಳಾಗಿ ಹೋಗಿದ್ದೆಯಯ್ಯಾ?"

"ಊರಿನವರು ತಪ್ಪು ತಿಳ್ಕೊಂಡು ಬಸ್ ಹತ್ತಿಸಿಬಿಟ್ರು, ಕೋಚ್. ನನ್ನನ್ನ ಯಾರೂ ಕರೆದೇ ಇರಲಿಲ್ಲ."

"ಕರೆದ್ರು. ಮಧ್ಯಾಹ್ನ ದೊಡ್ಡ ತಂಡದಿಂದ ಫೋನ್ ಬಂತು. ಅವರ ಕ್ಯಾಚರ್ ಬೆರಳು ಮುರ್ಕೊಂಡಿದಾನಂತೆ. ಎಲ್ಡನ್‌ನ ತಕ್ಷಣ ಕಳ್ಸು ಅಂದ್ರು."

ಎಲ್ಡನ್ ಕೋಚ್‌ನ ತೋಳು ಹಿಡಿದ. "ನೀವೇನಂದ್ರಿ?"

"ಊರಿನವರ ಮಾತು ನಂಬಿ, ಅವನು ಆಗ್ಲೇ ಬಸ್ ಹತ್ತಿ ನಿಮ್ಮ ಹತ್ರಾನೇ ಬರ್ತಿದಾನೆ ಅಂದೆ. ಅದಕ್ಕೆ ಅವರು, ನಾವು ಕರೆಯೋಕೆ ಮುಂಚೆನೇ ಹೊರಟುಬಿಟ್ಟನಾ, ಅಂಥ ಜಂಬದೋನು ನಮಗೆ ಬೇಡ ಅಂದ್ರು. ಟಿಬೆಟ್ಸ್‌ನ ಕರೆಸ್ಕೊಂಡ್ರು."

ಟಿಬೆಟ್ಸ್ ತಂಡದ ಬದಲಿ ಕ್ಯಾಚರ್. ತಪ್ಪಿಸಿಕೊಂಡ ಕೋಳಿಯನ್ನು ಹಿಡಿಯುವವರಂತೆ ಚೆಂಡನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವವನು. ಅವನೀಗ ವಿಮಾನದಲ್ಲಿದ್ದ.

ಬೇರೆ ಕ್ಯಾಚರ್ ಇಲ್ಲದ್ದರಿಂದ ಅವತ್ತಿನ ಪಂದ್ಯಕ್ಕೆ ಎಲ್ಡನ್ನೇ ಇಳಿಯಬೇಕಾಯಿತು. ಅವನನ್ನು ಕಂಡು ನೆರೆದವರೆಲ್ಲ ಕತ್ತು ಚಾಚಿ ನೋಡಿದರು.

"ಬೆಳಿಗ್ಗೆ ಹೋದೋನನ್ನ ಸಂಜೆಗೇ ವಾಪಸ್ ಅಟ್ಟಿದಾರೆ ನೋಡ್ರೋ!" ಎಂದು ಹ್ಯಾಸ್ಕೆಲ್ ಕೂಗಿದ. "ಅದೆಂಥ ಆಟ ಆಡಿರಬೇಕು!"

ಎಲ್ಡನ್ ವಿವರಿಸಲು ಕ್ಯಾಚರ್ ತೊಡುವ ಮುಖಕವಚ ತೆಗೆದ. ಅಷ್ಟರಲ್ಲಿ ಮಿಸೆಸ್ ಲುಂಡ್ ಎದ್ದು ನಿಂತು ಅವನ ಪರವಾಗಿ ಮಾತಾಡಿದಳು.

"ಪಾಪ, ಬೈಬೇಡ್ರೋ! ಇವನು ಕೆಡಿಸಿದ್ದನ್ನ ಸರಿಮಾಡೋಕೆ ಅಂತಾನೇ ಟಿಬೆಟ್ಸ್‌ನ ಕರೆಸ್ಕೊಂಡಿದಾರಲ್ಲ!"